ಮಾರಿಷಸ್: ಒಂದು ಸಕ್ಕರೆ ದ್ವೀಪದ ಸಂಸಾರ

ಹಿಂದೂ ಮಹಾಸಾಗರದ ಭೂಪಟವನ್ನು ಮುಂದಿಟ್ಟುಕೊಂಡು ಮಡಗಾಸ್ಕರಿನಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರಿನಷ್ಟು ಬೆರಳು ಸರಿಸಿದರೆ, ಶಾಯಿಯ ಹನಿ ಕೈತಪ್ಪಿ ಬಿದ್ದಂತೆ ಒಂದು ಚುಕ್ಕೆ ಕಾಣುತ್ತದೆ. ಅದು ಮಾರಿಷಸ್. ರಾಡ್ರಿಗ್ಸ್ ಮೊದಲಾದ ಅದರ ಕಿರುದ್ವೀಪಗಳನ್ನೂ ಕೂಡಿಸಿಕೊಂಡರೆ ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರು. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ಚಿಕ್ಕದೆಂದು ಹೇಳಿದರೆ ಕೇಳುಗರಿಗೆ ಅದರ ಅಳತೆ ಮನಸ್ಸಿಗೆ ಬಂದೀತು. ಜನಸಂಖ್ಯೆ ಹನ್ನೆರಡೂವರೆ ಲಕ್ಷದ ಆಸುಪಾಸು. ನೆಲದಲ್ಲಿ ಕಬ್ಬಿಣವಿಲ್ಲ, ಕಲ್ಲಿದ್ದಲಿಲ್ಲ, ಎಣ್ಣೆಯಿಲ್ಲ. ಊಟದ ಅಕ್ಕಿ, ರೊಟ್ಟಿಯ ಹಿಟ್ಟು, ಮೋಟಾರಿನ ಪೆಟ್ರೋಲು ಎಲ್ಲವೂ ಹಡಗಿನಲ್ಲಿ ಬರಬೇಕು. ಇಂಥ ಮನೆಯ ಯಜಮಾನ ಸಂಸಾರವನ್ನು ತೂಗಿಸಿಕೊಂಡು ಬಂದ ಬಗೆ ಹೇಗೆ, ಈಗ ಅವನ ಮುಂದಿರುವ ಕಷ್ಟವೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಆ ದ್ವೀಪದ ಕಬ್ಬಿನ ಹೊಲಗಳ ನಡುವೆ ಅಲ್ಲಲ್ಲಿ ಕರಿಯ ಕಲ್ಲಿನ ದೊಡ್ಡ ದೊಡ್ಡ ಗುಡ್ಡೆಗಳಿವೆ. ಅದು ಜ್ವಾಲಾಮುಖಿಯಿಂದ ಹುಟ್ಟಿದ ನೆಲ; ಕಬ್ಬಿನ ಬಿತ್ತನೆಗೆ ಒಂದು ಗುಳಿ ತೋಡಬೇಕಾದರೂ ಮೊದಲು ಕಲ್ಲು ಎತ್ತಬೇಕು. ಹಾಗೆ ಎತ್ತಿದ ಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಿದವರು ಮೊದಲು ಆಫ್ರಿಕ ಮತ್ತು ಮಡಗಾಸ್ಕರಿನಿಂದ ತಂದ ಗುಲಾಮರು, ಆಮೇಲೆ ನಮ್ಮ ದೇಶದಿಂದ ಹೋದ ಕರಾರು ಕೂಲಿಗಳು. 1834ನೆಯ ಇಸವಿ ನವೆಂಬರ್ 2ರಂದು ಕಲ್ಕತ್ತೆಯಿಂದ ಹೊರಟಿದ್ದ ಅಟ್ಲಾಸ್ ಎಂಬ ಹಡಗು ಪೋರ್ಟ್ ಲೂಯಿ ಬಂದರಿಗೆ 36 ಜನ ಕೂಲಿಗಳನ್ನು ತಂದಿಳಿಸಿತು. ಮರುವರ್ಷ ಅಲ್ಲಿ ಗುಲಾಮಗಿರಿ ರದ್ದಾಯಿತು. ಅಲ್ಲಿಂದ ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೆ ಸುಮಾರು ನಾಲ್ಕೂವರೆ ಲಕ್ಷ ಜನ ಭಾರತೀಯರು ಆ ಬಂದರಿನ ಮೆಟ್ಟಿಲು ಹತ್ತಿದರು. ಬಿಹಾರ ಮತ್ತು ಪೂರ್ವ ಉತ್ತರಪ್ರದೇಶದವರೇ ಹೆಚ್ಚು. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಇಂದು ಆ ದೇಶದ ಮೂರರಲ್ಲಿ ಎರಡು ಪಾಲು ಜನ ಇವರ ಸಂತತಿಯವರು. ಆಪ್ರವಾಸಿ ಘಾಟ್ ಎಂಬ ಆ ಮೆಟ್ಟಿಲುಗಳ ತಾಣವನ್ನು 2006ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟೊಂದು ಜನರನ್ನು ಕಡಲು ದಾಟಿಸಿ ತಂದದ್ದೇಕೆ? ಕಬ್ಬಿಗಾಗಿ. ಕಬ್ಬನ್ನು ಅಲ್ಲಿಗೆ ತಂದವರು ಡಚ್ಚರು. ಹದಿನೇಳನೆಯ ಶತಮಾನದಲ್ಲಿ ಜಾವಾದಿಂದ ತಂದು ನೆಟ್ಟರು. ಡೋಡೋ ಎಂಬ ಹಾರಲಾರದ ಹಕ್ಕಿ ನಿರ್ನಾಮವಾದದ್ದೂ ಅವರ ಕಾಲದಲ್ಲಿಯೇ. ಅವರು 1710ರಲ್ಲಿ ದ್ವೀಪವನ್ನು ಬಿಟ್ಟುಹೋದ ಮೇಲೆ ಫ್ರೆಂಚರು ಬಂದರು. ಫ್ರೆಂಚರಿಂದ 1810ರಲ್ಲಿ ಇಂಗ್ಲಿಷರು ಗೆದ್ದುಕೊಂಡರು. ಆದರೆ ದ್ವೀಪವೆಲ್ಲ ಕಬ್ಬಾದದ್ದು 1825ರಿಂದ ಈಚೆಗೆ. ಅದುವರೆಗೆ ಇಂಗ್ಲೆಂಡಿನ ಪೇಟೆಯಲ್ಲಿ ವೆಸ್ಟ್ ಇಂಡೀಸಿನ ಸಕ್ಕರೆಗಿಂತ ಮಾರಿಷಸ್ಸಿನ ಸಕ್ಕರೆಗೆ ಸುಂಕ ಹೆಚ್ಚಾಗಿತ್ತು. ಆ ವರ್ಷ ಎರಡಕ್ಕೂ ಒಂದೇ ಸುಂಕವೆಂದು ಆಜ್ಞೆಯಾಯಿತು. ಲಂಡನ್ನಿನ ಸುಂಕದ ಪುಸ್ತಕದಲ್ಲಿ ಒಂದು ಸಾಲು ಬದಲಾದದ್ದಕ್ಕೆ ಇಲ್ಲಿ ಕಾಡು ಕಡಿದು ಹೊಲವಾಯಿತು, ಕಲ್ಲಿನ ಗುಡ್ಡೆ ಎದ್ದಿತು, ಭೋಜಪುರದ ರೈತನ ಮಗ ಹಡಗು ಹತ್ತಿದ. ಪರರ ಪೇಟೆಯಲ್ಲಿ ಪರರು ಕೊಟ್ಟ ಸವಲತ್ತಿನ ಮೇಲೆ ಬದುಕುವ ರೂಢಿ ಈ ದ್ವೀಪಕ್ಕೆ ಅಂದಿನಿಂದ ಬಂದದ್ದು. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಯೆಲ್ಲ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಈಗ ಒಂದೇ ಹೆಜ್ಜೆಗೆ 1960ಕ್ಕೆ ಬರೋಣ. ದ್ವೀಪದ ರಫ್ತೆಂದರೆ ಸಕ್ಕರೆ. ಉಳಿದುದೆಲ್ಲ ಕೂಡಿದರೂ ಲೆಕ್ಕಕ್ಕಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಹತೋಟಿಗೆ ತಂದಿದ್ದರು. ಸಾವು ಇಳಿಯಿತು, ಹುಟ್ಟು ಇಳಿಯಲಿಲ್ಲ. ಜನಸಂಖ್ಯೆ ವರ್ಷಕ್ಕೆ ನೂರಕ್ಕೆ ಮೂರರಂತೆ ಬೆಳೆಯತೊಡಗಿತು. ಈ ಬಡ್ಡಿಯಲ್ಲಿ ಬೆಳೆದರೆ ಯಾವ ಅಸಲಾದರೂ ಇಪ್ಪತ್ತನಾಲ್ಕು ವರ್ಷಕ್ಕೆ ಇಮ್ಮಡಿಯಾಗುತ್ತದೆ. ಸಾಲದೆಂಬಂತೆ ಆ ವರ್ಷದ ಜನವರಿಯಲ್ಲಿ ಒಂದು, ಫೆಬ್ರವರಿಯಲ್ಲಿ ಇನ್ನೊಂದು ಚಂಡಮಾರುತ ಬಡಿದವು. ಎರಡನೆಯದರ ಹೆಸರು ಕ್ಯಾರೊಲ್. ಹುಲ್ಲು ಮತ್ತು ತಗಡಿನ ಮನೆಗಳು ಸಾವಿರಗಟ್ಟಲೆ ಹಾರಿಹೋದವು. ಆ ವರ್ಷದ ಸಕ್ಕರೆ ಹಿಂದಿನ ವರ್ಷದ ಅರ್ಧಕ್ಕಿಂತಲೂ ಕೆಳಗಿಳಿಯಿತು.

ಇಂಥ ಕಾಲದಲ್ಲಿ ದ್ವೀಪದ ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಲು ಬಂದವರು ಕೇಂಬ್ರಿಜ್‌ನ ಪ್ರೊಫೆಸರ್ ಜೇಮ್ಸ್ ಮೀಡ್. ಮುಂದೆ 1977ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ದೊಡ್ಡ ವಿದ್ವಾಂಸರು. 1961ರಲ್ಲಿ ಅವರ ವರದಿ ಹೊರಬಂದಿತು. ನೆಲ ಕಡಿಮೆ, ಬೆಳೆ ಒಂದೇ, ಜನ ಹೆಚ್ಚುತ್ತಿದ್ದಾರೆ, ಅವರು ಹಿಂದೂ, ಮುಸಲ್ಮಾನ, ಕ್ರಿಯೋಲ್, ಚೀನೀ, ಫ್ರೆಂಚ್ ಎಂದು ಪಂಗಡ ಪಂಗಡವಾಗಿ ಬೇರೆಯಾಗಿದ್ದಾರೆ. ಶಾಂತಿಯಿಂದ ಅಭಿವೃದ್ಧಿ ಹೊಂದುವ ಆಸೆ ಇಲ್ಲಿ ಬಹಳ ಕ್ಷೀಣವೆಂಬುದು ಅವರ ಅಭಿಪ್ರಾಯ. ಈಚಿನವರು ಈ ಮಾತನ್ನು ಎತ್ತಿ ಆಡಿ, ನೊಬೆಲ್ ಪಡೆದವರೂ ಹೀಗೆ ತಪ್ಪುತ್ತಾರೆಂದು ನಗುವುದುಂಟು. ನನಗೇನೋ ಆ ನಗೆ ನ್ಯಾಯವೆನಿಸದು. ಮೀಡ್ ಅವರು ಬರಿಯ ಅಪಶಕುನ ನುಡಿದು ಎದ್ದುಹೋಗಲಿಲ್ಲ. ಹೆಚ್ಚು ಕೈಗಳಿಗೆ ಕೆಲಸ ಕೊಡುವ ಕೈಗಾರಿಕೆಗಳನ್ನು ತನ್ನಿ, ಕೂಲಿಯನ್ನು ಹಿಡಿತದಲ್ಲಿಡಿ, ಸಂತಾನವನ್ನು ಮಿತಿಗೊಳಿಸಿ, ಹೋಗಬಲ್ಲವರು ಹೊರದೇಶಕ್ಕೆ ಹೋಗಲಿ ಎಂದು ಮದ್ದನ್ನೂ ಬರೆದುಕೊಟ್ಟರು. ರೋಗಿ ಮದ್ದು ಕುಡಿದು ಬದುಕಿದ ಮೇಲೆ ವೈದ್ಯನ ಭಯ ಸುಳ್ಳಾಯಿತೆಂದು ಹಾಸ್ಯ ಮಾಡುವುದು ಸರಿಯೆ?

ಆದರೆ ಮದ್ದು ಒಳಗಿಳಿಯುವ ಮೊದಲು ರೋಗ ಉಲ್ಬಣಿಸಿದಂತೆಯೂ ಕಂಡಿತು. 1967ರ ಚುನಾವಣೆಯಲ್ಲಿ ಸ್ವಾತಂತ್ರ್ಯವೇ ಬೇಡವೆಂದವರ ಕಡೆಗೆ ನೂರಕ್ಕೆ 44ರಷ್ಟು ಮತ ಬಿದ್ದಿತು. ತಮ್ಮನ್ನು ಆಳಿದವರು ಬಿಟ್ಟುಹೋಗಬಾರದೆಂದು ಅಷ್ಟು ಜನ ಕೇಳಿಕೊಂಡ ಉದಾಹರಣೆ ಅಪರೂಪ. 1968ರ ಜನವರಿಯಲ್ಲಿ ಪೋರ್ಟ್ ಲೂಯಿಯಲ್ಲಿ ಮತೀಯ ಗಲಭೆ ಎದ್ದು ಬ್ರಿಟಿಷ್ ಸೈನ್ಯ ಬರಬೇಕಾಯಿತು. ಅನುಕೂಲಸ್ಥರು ಹಲವರು ಆಸ್ಟ್ರೇಲಿಯಕ್ಕೂ ಬೇರೆಡೆಗೂ ಹೊರಟುಹೋದರು. ಆ ವಾತಾವರಣದಲ್ಲಿ ಮಾರ್ಚ್ 12ರಂದು ಸ್ವತಂತ್ರ ಧ್ವಜ ಏರಿತು. ಸೀವೂಸಾಗರ್ ರಾಮಗೂಲಾಮ್ ಪ್ರಧಾನಿಯಾದರು.

ಇಲ್ಲಿ ಒಂದು ದೊಡ್ಡ ಪ್ರಶ್ನೆ ಎದುರಾಯಿತು. ಅಧಿಕಾರ ಕೂಲಿಗಳ ಮೊಮ್ಮಕ್ಕಳ ಕೈಗೆ ಬಂದಿತು. ನೆಲವೂ ಕಾರ್ಖಾನೆಯೂ ಹೆಚ್ಚಾಗಿ ಫ್ರೆಂಚ್ ಮೂಲದ ಕೆಲವೇ ಕುಟುಂಬಗಳ ಕೈಯಲ್ಲಿ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತೋಟದ ಒಡೆಯರು ಅಂಚಿನ ನೆಲವನ್ನು ತುಂಡು ತುಂಡಾಗಿ ಮಾರಿದಾಗ, ಕೂಲಿಗಳು ಕೂಡಿಟ್ಟ ಕಾಸಿನಲ್ಲಿ ಎಕರೆ ಎರಡೆಕರೆ ಕೊಂಡು ಸಣ್ಣ ರೈತರಾಗಿದ್ದರು ನಿಜ. ಆದರೆ ದೊಡ್ಡ ತೋಟ ದೊಡ್ಡದಾಗಿಯೇ ಇತ್ತು. ಅದನ್ನು ಕಿತ್ತು ಹಂಚಬೇಕೆ? ಆಫ್ರಿಕದ ಹಲವು ಹೊಸ ಸರಕಾರಗಳು ಆ ಹಾದಿ ಹಿಡಿದವು. ರಾಮಗೂಲಾಮರ ಸರಕಾರ ತೋಟಗಳನ್ನು ಮುಟ್ಟಲಿಲ್ಲ. ದೊಡ್ಡ ತೋಟದ ಸಕ್ಕರೆಯ ಮೇಲೆ ರಫ್ತು ಸುಂಕ ಹಾಕಿ, ಬಂದ ಹಣದಲ್ಲಿ ಶಾಲೆ, ಆಸ್ಪತ್ರೆ, ಅಕ್ಕಿಯ ಸಹಾಯಧನ, ಮುದುಕರ ಪಿಂಚಣಿ ನಡೆಸಿತು. ಇದು ಪೂರ್ಣ ನ್ಯಾಯವೆ ಎಂದು ಕೇಳಿದರೆ ನಾನು ಹೌದೆನ್ನಲಾರೆ. ಕಲ್ಲು ಎತ್ತಿದವನ ಮೊಮ್ಮಗನಿಗೆ ನೆಲ ಸಿಕ್ಕಲಿಲ್ಲ, ನೆಲದ ಆದಾಯದಲ್ಲಿ ಒಂದು ಪಾಲು ಸಿಕ್ಕಿತು. ಆದರೆ ಹಸು ಕೊಟ್ಟಿಗೆಯಲ್ಲಿ ಉಳಿಯಿತು, ಹಾಲು ಕರೆಯುವುದು ನಿಲ್ಲಲಿಲ್ಲ.

ಸಂತಾನ ಮಿತಿಯ ವಿಷಯದಲ್ಲಿ ಆದದ್ದು ನಿಜವಾಗಿ ಆಶ್ಚರ್ಯಕರ. ಬಲವಂತದ ಮಾತೇ ಇಲ್ಲ. ಕುಟುಂಬ ಯೋಜನಾ ಸಂಘ ತನ್ನ ರೀತಿಯಲ್ಲಿ, ಕೆಥೊಲಿಕ್ ಚರ್ಚಿನ ಬೆಂಬಲಿಗರು ತಮಗೆ ಒಪ್ಪಿಗೆಯಾದ ಸಂಯಮದ ರೀತಿಯಲ್ಲಿ ತಿಳಿವಳಿಕೆ ಕೊಟ್ಟರು. ಹೆಣ್ಣುಮಕ್ಕಳು ಶಾಲೆಗೆ ಹೋಗಿ ಮದುವೆ ಮುಂದಕ್ಕೆ ಹೋಯಿತು. ಅರವತ್ತರ ದಶಕದ ಮೊದಲಲ್ಲಿ ಒಬ್ಬ ತಾಯಿಗೆ ಸರಾಸರಿ ಆರು ಮಕ್ಕಳಿದ್ದದ್ದು ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಮೂರರ ಹತ್ತಿರಕ್ಕೆ ಇಳಿಯಿತು.

ಇನ್ನು ಕೈಗಾರಿಕೆ. 1970ರಲ್ಲಿ ರಫ್ತು ವಲಯದ ಕಾಯಿದೆ ಬಂದಿತು. ತೈವಾನ್ ಮೊದಲಾದ ಕಡೆ ನಡೆದದ್ದನ್ನು ನೋಡಿಬಂದು ಈ ವಿಚಾರವನ್ನು ಊರಿದವರಲ್ಲಿ ಮುಖ್ಯರು ಪ್ರೊಫೆಸರ್ ಎಡ್ವರ್ಡ್ ಲಿಮ್ ಫಾಟ್ ಎಂಬ ಚೀನೀ ಮೂಲದ ಮಾರಿಷಸ್ಸಿನವರು. ಬೇರೆ ದೇಶಗಳಲ್ಲಿ ರಫ್ತು ವಲಯವೆಂದರೆ ಬೇಲಿ ಹಾಕಿದ ಒಂದು ಜಾಗ. ಇಲ್ಲಿ ಬೇಲಿಯಿಲ್ಲ, ಯಾವ ಹಳ್ಳಿಯಲ್ಲಿ ಶೆಡ್ಡು ಕಟ್ಟಿದರೂ ಸರಿ, ಮಾಡಿದ ಸರಕು ಹೊರದೇಶಕ್ಕೆ ಹೋಗುವುದಾದರೆ ಕಚ್ಚಾ ಮಾಲಿಗೆ ಸುಂಕವಿಲ್ಲ, ಕೆಲವು ವರ್ಷ ಲಾಭಕ್ಕೆ ತೆರಿಗೆಯಿಲ್ಲ. ದೇಶದೊಳಗೆ ಮಾರುವ ಹಳೆಯ ಕಾರ್ಖಾನೆಗಳ ರಕ್ಷಣೆಯ ಸುಂಕಗಳನ್ನೂ ಹಾಗೆಯೇ ಬಿಟ್ಟರು. ಒಂದೇ ದೇಶದಲ್ಲಿ ಎರಡು ಬಗೆಯ ಕಾನೂನು. ಹಳಬರ ಅನ್ನ ಕೀಳದೆ ಹೊಸಬರಿಗೆ ಎಲೆ ಹಾಕಿದಂತೆ. ಹಾಂಕಾಂಗಿನ ಬಟ್ಟೆ ವ್ಯಾಪಾರಿಗಳು ಬಂದರು. ಅವರು ಬಂದದ್ದು ದ್ವೀಪದ ಚೆಲುವಿಗಲ್ಲ. ಶ್ರೀಮಂತ ದೇಶಗಳು ಹಾಂಕಾಂಗಿನ ಬಟ್ಟೆಗೆ ಮಿತಿ ಹಾಕಿದ್ದವು, ಮಾರಿಷಸ್ಸಿನಿಂದ ಹೋದ ಬಟ್ಟೆಗೆ ಯುರೋಪಿನ ಬಾಗಿಲು ತೆರೆದಿತ್ತು. ಮತ್ತೆ ಅದೇ ಪರರ ಸವಲತ್ತು! ಸಕ್ಕರೆ ತೋಟದವರೂ ತಮ್ಮ ಲಾಭವನ್ನು ಇಲ್ಲಿಯೂ ಕಡಲದಂಡೆಯ ಹೋಟೆಲುಗಳಲ್ಲಿಯೂ ತೊಡಗಿಸಿದರು. ಉಣ್ಣೆ ಬೆಳೆಯದ ದ್ವೀಪ ಎಂಬತ್ತರ ದಶಕದಲ್ಲಿ ಉಣ್ಣೆಯ ಹೆಣಿಗೆ ಬಟ್ಟೆ ಮಾರುವ ಜಗತ್ತಿನ ದೊಡ್ಡ ದೇಶಗಳ ಸಾಲಿಗೆ ಸೇರಿತು. ಆ ದಶಕದ ಕೊನೆಗೆ ಈ ಕಾರ್ಖಾನೆಗಳಲ್ಲಿ ಸುಮಾರು ತೊಂಬತ್ತು ಸಾವಿರ ಜನ ದುಡಿಯುತ್ತಿದ್ದರು.

ಅವರಲ್ಲಿ ಹೆಚ್ಚಿನವರು ಹೆಂಗಸರು. ಇದನ್ನು ಬೇಗ ಹೇಳಿ ಮುಂದೆ ಹೋಗುವಂತಿಲ್ಲ. ಅದುವರೆಗೆ ಹೊಲ ಬಿಟ್ಟರೆ ಮನೆ ಎಂದಿದ್ದ ಹಳ್ಳಿಯ ಹುಡುಗಿಯರು ಬೆಳಗಾದರೆ ಲಾರಿ, ಬಸ್ಸು ಹತ್ತಿ ಹೊಲಿಗೆಯ ಯಂತ್ರದ ಮುಂದೆ ಕೂರಹತ್ತಿದರು. ಕಾಯಿದೆಯೇ ಗಂಡಸಿಗಿಂತ ಹೆಂಗಸಿಗೆ ಕಡಿಮೆ ಕನಿಷ್ಠ ಕೂಲಿಯನ್ನು ಗೊತ್ತುಮಾಡಿತ್ತು. ಮಾರಿಷಸ್ಸಿನ ಪವಾಡವೆಂದು ಅರ್ಥಶಾಸ್ತ್ರದ ಪುಸ್ತಕಗಳು ಹೊಗಳುವ ಸಂಗತಿಯನ್ನು ಹೊಲಿದ ಬೆರಳುಗಳು ಇವು. ಅಗ್ಗವೆಂಬುದೇ ಅವುಗಳ ಯೋಗ್ಯತೆಯಾಗಿತ್ತು. ಆದರೂ ಕೈಯಲ್ಲಿ ಸ್ವಂತ ಸಂಬಳವಿದ್ದ ಹೆಣ್ಣಿಗೆ ಮನೆಯಲ್ಲಿ ಬರುವ ಮಾತಿನ ತೂಕವೇ ಬೇರೆ. ಇವೆರಡೂ ನಿಜ, ಒಂದನ್ನು ಹಿಡಿದು ಇನ್ನೊಂದನ್ನು ಬಿಡಲಾಗದು.

ಸಕ್ಕರೆಯ ಕಡೆಯೂ ಒಂದು ಒಳ್ಳೆಯ ವ್ಯಾಪಾರ ನಡೆದಿತ್ತು. 1974ರಲ್ಲಿ ಜಗತ್ತಿನ ಪೇಟೆಯಲ್ಲಿ ಸಕ್ಕರೆಯ ಬೆಲೆ ಆಕಾಶಕ್ಕೇರಿತ್ತು. ಅಂಥ ಹೊತ್ತಿನಲ್ಲಿ ಯುರೋಪಿನ ದೇಶಗಳು, ವರ್ಷವರ್ಷವೂ ಇಷ್ಟು ಸಕ್ಕರೆಯನ್ನು ಗೊತ್ತಾದ ಬೆಲೆಗೆ ಕೊಳ್ಳುತ್ತೇವೆಂದು ತಮ್ಮ ಹಳೆಯ ವಸಾಹತುಗಳೊಡನೆ ಮಾತಿಗೆ ಕುಳಿತವು. ಪೇಟೆ ಉರಿಯುತ್ತಿರುವಾಗ ಗೊತ್ತಾದ ಬೆಲೆಗೆ ಕೈಕಟ್ಟಿಕೊಳ್ಳಲು ಯಾರಿಗೆ ಮನಸ್ಸು ಬಂದೀತು? ಮಾರಿಷಸ್ ದೊಡ್ಡ ಪಾಲನ್ನೇ ಒಪ್ಪಿಕೊಂಡಿತು. 1975ರ ಲೋಮೆ ಒಪ್ಪಂದದ ಜೊತೆಗಿದ್ದ ಸಕ್ಕರೆಯ ಕರಾರಿನಲ್ಲಿ ಒಟ್ಟು ಸುಮಾರು ಹದಿಮೂರು ಲಕ್ಷ ಟನ್ನಿನಲ್ಲಿ ಐದು ಲಕ್ಷದಷ್ಟು ಅದೊಂದಕ್ಕೇ ದೊರೆಯಿತು. ಬೆಲೆಯ ಉಬ್ಬರ ಇಳಿದ ಮೇಲೆ ಕಬ್ಬು ಬೆಳೆವ ಇತರರು ಪೇಟೆಯ ಏರಿಳಿತಕ್ಕೆ ಸಿಕ್ಕಿ ನರಳುತ್ತಿದ್ದ ಬಹು ವರ್ಷಗಳಲ್ಲಿ ಇದಕ್ಕೆ ಪೇಟೆಗಿಂತ ಎಷ್ಟೋ ಮೇಲಾದ ಬೆಲೆ ಬರುತ್ತಿತ್ತು.

ಎಲ್ಲವೂ ನಯವಾಗಿ ಸಾಗಿತೆಂದು ಇದರ ಅರ್ಥವಲ್ಲ. ಉಬ್ಬರದ ಕಾಲದಲ್ಲಿ ಏರಿದ ಖರ್ಚು ಇಳಿತದಲ್ಲಿ ಇಳಿಯಲಿಲ್ಲ. 1979ರಲ್ಲಿ ಒಮ್ಮೆ, 1981ರಲ್ಲಿ ಮತ್ತೊಮ್ಮೆ ರೂಪಾಯಿಯ ಬೆಲೆಯನ್ನು ಇಳಿಸಬೇಕಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಬೇಕಾಯಿತು. 1982ರ ಚುನಾವಣೆಯಲ್ಲಿ ಮುಖ್ಯದ್ವೀಪದ ಅರುವತ್ತು ಸ್ಥಾನಗಳಲ್ಲಿ ಅರುವತ್ತನ್ನೂ ವಿರೋಧ ಪಕ್ಷಗಳ ಕೂಟ ಗೆದ್ದುಕೊಂಡಿತು. ಅರ್ಥಮಂತ್ರಿಯಾದವರು ಪಾಲ್ ಬೆರಾಂಜೆ. ಹತ್ತು ವರ್ಷ ಹಿಂದೆ ಬಂದರಿನ ಮುಷ್ಕರಗಳ ಮುಂದಾಳು. ಬಂಡವಾಳಗಾರರು ನಡುಗಿದರು. ಆದರೆ ಅವರು ಖಜಾನೆಯ ಬಾಗಿಲು ತೆರೆದು ನೋಡಿ, ಹಿಂದಿನವರ ಕಟ್ಟುನಿಟ್ಟನ್ನೇ ಮುಂದುವರಿಸಿದರು. ಪಕ್ಷ ಮರುವರ್ಷ ಒಡೆಯಿತು, ಧೋರಣೆ ಒಡೆಯಲಿಲ್ಲ.

ನಮ್ಮ ದೇಶಕ್ಕೂ ಈ ಕಥೆಯಲ್ಲಿ ಒಂದು ಪಾತ್ರವುಂಟು. ಒಂದೇ ಆದಾಯಕ್ಕೆ ಎರಡು ಕಡೆ ತೆರಿಗೆ ಬೀಳದಿರಲೆಂದು ಭಾರತ ಮತ್ತು ಮಾರಿಷಸ್ 1982ರಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಅದರಂತೆ ಮಾರಿಷಸ್ಸಿನ ಕಂಪೆನಿ ಭಾರತದ ಷೇರು ಮಾರಿ ಲಾಭ ಮಾಡಿದರೆ ತೆರಿಗೆ ಹಾಕುವ ಹಕ್ಕು ಮಾರಿಷಸ್ಸಿನದು. ಆ ದೇಶವೋ ಅಂಥ ಲಾಭಕ್ಕೆ ತೆರಿಗೆ ಹಾಕುತ್ತಿರಲಿಲ್ಲ. 1991ರ ಅನಂತರ ನಮ್ಮ ಪೇಟೆ ತೆರೆದಾಗ ಲೋಕದ ಬಂಡವಾಳವೆಲ್ಲ ಪೋರ್ಟ್ ಲೂಯಿಯಲ್ಲಿ ಒಂದು ವಿಳಾಸ ಬರೆಸಿಕೊಂಡು ಬರತೊಡಗಿತು. ಭಾರತಕ್ಕೆ ಹೆಚ್ಚು ಬಂಡವಾಳ ಕಳಿಸುವ ದೇಶ ಯಾವುದೆಂದರೆ ಹಲವು ವರ್ಷ ಉತ್ತರ ಮಾರಿಷಸ್! ಬ್ಯಾಂಕು, ಲೆಕ್ಕಪತ್ರ, ವಕೀಲಿಯ ಕೆಲಸಗಳಿಂದ ಅಲ್ಲಿಯ ಓದಿದ ಯುವಕರಿಗೆ ಒಳ್ಳೆಯ ಸಂಬಳ ಸಿಕ್ಕಿತು. ನಮ್ಮ ಬೊಕ್ಕಸಕ್ಕೆ ಬರಬೇಕಾದ ತೆರಿಗೆ ಬರಲಿಲ್ಲ. ಸ್ನೇಹದ ದೇಶವೆಂದು ನಾವು ಬಹಳ ಕಾಲ ಸೈರಿಸಿದೆವು. 2016ರಲ್ಲಿ ಒಪ್ಪಂದವನ್ನು ತಿದ್ದಿ, 2017ರ ಏಪ್ರಿಲ್ 1ರಿಂದ ಮುಂದೆ ಕೊಂಡ ಷೇರುಗಳ ಲಾಭಕ್ಕೆ ತೆರಿಗೆ ಹಾಕುವ ಹಕ್ಕನ್ನು ಭಾರತ ಮರಳಿ ಪಡೆಯಿತು.

ಹೀಗೆ ಸವಲತ್ತುಗಳು ಒಂದೊಂದಾಗಿ ಮುಗಿದವು. ಬಟ್ಟೆಯ ಮಿತಿಗಳ ಅಂತರರಾಷ್ಟ್ರೀಯ ವ್ಯವಸ್ಥೆ 2004ರ ಕೊನೆಗೆ ಕೊನೆಗೊಂಡಿತು. ಹಾಂಕಾಂಗಿನವರು ಚೀನಕ್ಕೆ ಹಿಂದಿರುಗಿದರು, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಯುರೋಪು 2006ರಿಂದ 2009ರೊಳಗೆ ಸಕ್ಕರೆಯ ಬೆಲೆಯನ್ನು ನೂರಕ್ಕೆ 36ರಷ್ಟು ಕಡಿದು, ಕರಾರನ್ನೂ ಮುಗಿಸಿತು. ಮಾರಿಷಸ್ಸಿನ ಜಾಣ್ಮೆಯೆಂದರೆ, ಒಂದು ಸವಲತ್ತು ಇರುವಾಗಲೇ ಅದರ ಲಾಭದಿಂದ ಮುಂದಿನ ಕಸುಬಿಗೆ ಅಡಿಪಾಯ ಹಾಕಿಕೊಂಡದ್ದು. ಸಕ್ಕರೆಯ ಹಣ ಬಟ್ಟೆಯನ್ನೂ ಹೋಟೆಲನ್ನೂ ಕಟ್ಟಿತು; ಅವುಗಳ ಆದಾಯ ಶಾಲೆ ಕಟ್ಟಿತು; 1977ರಿಂದ ಪ್ರೌಢಶಿಕ್ಷಣ ಉಚಿತವಾಯಿತು; ಶಾಲೆಯಿಂದ ಬ್ಯಾಂಕಿನ ಗುಮಾಸ್ತರೂ ಗಣಕದ ಕೆಲಸಗಾರರೂ ಬಂದರು. ಕಬ್ಬಿನ ಸಿಪ್ಪೆಯಿಂದ ವಿದ್ಯುತ್ತು, ಕಚ್ಚಾ ಸಕ್ಕರೆಯ ಬದಲು ಶುದ್ಧೀಕರಿಸಿದ ಬಿಳಿ ಸಕ್ಕರೆಯೂ ಹೆಚ್ಚು ಬೆಲೆಯ ಕಂದು ಸಕ್ಕರೆಗಳೂ ಬಂದವು. 2020ರ ಜುಲೈಯಲ್ಲಿ ವಿಶ್ವಬ್ಯಾಂಕು ಅದನ್ನು ಹೆಚ್ಚು ಆದಾಯದ ದೇಶಗಳ ಪಟ್ಟಿಗೆ ಏರಿಸಿತು.

ಏರಿಸಿದ ತಿಂಗಳೇ, 25ನೆಯ ತಾರೀಕು, ವಾಕಾಶಿಯೊ ಎಂಬ ಜಪಾನೀ ಒಡೆತನದ ಹಡಗು ದ್ವೀಪದ ಆಗ್ನೇಯದ ಹವಳದ ದಿಬ್ಬಕ್ಕೆ ಬಡಿದು ಕುಳಿತುಬಿಟ್ಟಿತು. ಆಗಸ್ಟಿನಲ್ಲಿ ಅದರ ತೊಟ್ಟಿ ಒಡೆದು ಸುಮಾರು ಸಾವಿರ ಟನ್ ಎಣ್ಣೆ ತಿಳಿನೀರಿಗೆ ಹರಿಯಿತು. ಅದಕ್ಕೂ ಮೊದಲೇ ಕೋವಿಡ್ ಕಾರಣ ದೇಶದ ಬಾಗಿಲು ಮುಚ್ಚಿತ್ತು. 2019ರಲ್ಲಿ ಹದಿಮೂರು ಲಕ್ಷಕ್ಕೂ ಮಿಕ್ಕಿ ಬಂದಿದ್ದ ಪ್ರವಾಸಿಗಳಿಲ್ಲದೆ ಹೋಟೆಲುಗಳು ಬರಿದಾಗಿದ್ದವು. ಆ ವರ್ಷ ದೇಶದ ಉತ್ಪನ್ನ ನೂರಕ್ಕೆ ಹದಿನಾಲ್ಕಕ್ಕಿಂತಲೂ ಹೆಚ್ಚು ಕುಸಿಯಿತು. ಮರುವರ್ಷ ವಿಶ್ವಬ್ಯಾಂಕಿನ ಪಟ್ಟಿಯಿಂದ ಕೆಳಗಿಳಿಯಿತು. ಎಣ್ಣೆ ಹರಡತೊಡಗಿದಾಗ ಸರಕಾರದ ಸಲಕರಣೆಗೆ ಕಾಯದೆ ಊರವರೇ ದಂಡೆಗೆ ಬಂದು, ಕಬ್ಬಿನ ಒಣ ಸೋಗೆಯನ್ನು ಬಟ್ಟೆಯ ಚೀಲಗಳಿಗೆ ತುಂಬಿ, ಉದ್ದುದ್ದ ದಿಂಡುಗಳಾಗಿ ಹೊಲಿದು ನೀರಿನ ಮೇಲೆ ತೇಲಿಬಿಟ್ಟು ಎಣ್ಣೆಯನ್ನು ತಡೆದರು. ಸೋಗೆ, ಬಟ್ಟೆ, ಕಡಲದಂಡೆ, ಹೊಲಿಯುವ ಹೆಂಗಸರು. ದ್ವೀಪ ಬದುಕಿದ ಬಗೆಯೆಲ್ಲ ಆ ದಿಂಡುಗಳಲ್ಲಿತ್ತು.

ಈಗಿನ ಚಿಂತೆ ಬೇರೆ. ಮೀಡ್ ಅವರು ಮಕ್ಕಳ ಸಂಖ್ಯೆಗೆ ಹೆದರಿದ್ದರು. ಇಂದು ಅಲ್ಲಿ ಒಬ್ಬ ತಾಯಿಗೆ ಎರಡು ಮಕ್ಕಳೂ ಇಲ್ಲ. ಮುದುಕರು ಹೆಚ್ಚುತ್ತಿದ್ದಾರೆ, ದುಡಿಯುವವರು ಕಡಿಮೆಯಾಗುತ್ತಿದ್ದಾರೆ. ಬಡವ ಬಲ್ಲಿದರೆನ್ನದೆ ಅರವತ್ತು ತುಂಬಿದವರಿಗೆಲ್ಲ ಕೊಡುತ್ತಿದ್ದ ಪಿಂಚಣಿಯ ವಯಸ್ಸನ್ನು ಹಂತಹಂತವಾಗಿ ಅರವತ್ತೈದಕ್ಕೆ ಏರಿಸುವುದಾಗಿ 2025ರ ಆಯವ್ಯಯದಲ್ಲಿ ಸರಕಾರ ಸಾರಿದಾಗ ಜನ ಬೀದಿಗಿಳಿದರು. ಲೆಕ್ಕ ನೋಡಿದರೆ ಸರಕಾರದ ಮಾತು ಸರಿ; ಐವತ್ತೊಂಬತ್ತು ತುಂಬಿದ ಹೊಲಿಗೆಯ ಕೂಲಿಯ ಬೆನ್ನು ನೋಡಿದರೆ ಬೀದಿಗಿಳಿದವರ ಮಾತು ಸರಿ. ಹೊಲಿಗೆಯ ಕಾರ್ಖಾನೆಗಳಿಗೆ ಈಗ ಊರ ಹುಡುಗಿಯರು ಬರುವುದಿಲ್ಲ. ಬಾಂಗ್ಲಾದೇಶ, ಭಾರತ, ನೇಪಾಳಗಳಿಂದ ಕರಾರಿನ ಮೇಲೆ ಕೆಲಸಗಾರರನ್ನು ಕರೆಸುತ್ತಾರೆ. ಅಟ್ಲಾಸ್ ಹಡಗಿನಲ್ಲಿ ಬಂದವರ ನಾಡು ತಾನೇ ಕರಾರು ಕೂಲಿಗಳನ್ನು ಇಳಿಸಿಕೊಳ್ಳುವ ಕಾಲ ಬಂದಿದೆ.

ಸಣ್ಣ ರೈತರ ಮಕ್ಕಳಿಗೂ ಎಕರೆ ಎರಡೆಕರೆಯ ಕಬ್ಬು ಬೇಡವಾಗಿದೆ. ಕಡಿಯಲು ಆಳಿಲ್ಲ, ಬಂದ ಬೆಲೆ ಆಳಿಗೇ ಸಾಲದು. ಎಪ್ಪತ್ತರ ದಶಕದಲ್ಲಿ ಏಳು ಲಕ್ಷ ಟನ್ ಮುಟ್ಟಿದ್ದ ಸಕ್ಕರೆ ಈಚಿನ ವರ್ಷಗಳಲ್ಲಿ ಅದರ ಅರ್ಧವನ್ನೂ ಮುಟ್ಟುತ್ತಿಲ್ಲ. ಕಡಲ ಹತ್ತಿರದ ಕೆಲವು ತೋಟಗಳಲ್ಲಿ ಹೊರದೇಶದ ಹಣವಂತರಿಗಾಗಿ ಬಂಗಲೆಗಳೆದ್ದಿವೆ. ಕಬ್ಬು ಉಳಿದ ದೊಡ್ಡ ತೋಟಗಳಲ್ಲಿ ಕೊಯ್ಲಿನ ಯಂತ್ರ ಓಡಾಡಲು ದಾರಿ ಬೇಕು. ಹಾಗಾಗಿ ನೂರಾರು ವರ್ಷದಿಂದ ಹೊಲದ ನಡುವೆ ನಿಂತಿದ್ದ ಆ ಕರಿಯ ಕಲ್ಲಿನ ಗುಡ್ಡೆಗಳನ್ನು ಬುಲ್‌ಡೋಜರುಗಳು ಎಷ್ಟೋ ಕಡೆ ಬದಿಗೆ ತಳ್ಳಿವೆ. ರೈತರು ಕೈಬಿಟ್ಟ ಸಣ್ಣ ಹೊಲಗಳಲ್ಲಿ ಮಾತ್ರ ಅವು ಇದ್ದಲ್ಲೇ ಇವೆ, ಮೇಲೆ ಪೊದೆ ಬೆಳೆದಿದೆ.